ತಗಡು ಹಿಡಿದು ನಿಂತವನು

ಇಂದಿನ ಚಿಂತನೆ: ಸಮ್ಯಕ್ ಆಜೀವ

ಅಮೆರಿಕದ ಆಶ್‌ಕಾಶ್ ಎಂಬ ಊರಲ್ಲಿ ಪ್ರತಿ ಜುಲೈನಲ್ಲಿ ದೊಡ್ಡ ವಿಮಾನ ಮೇಳ ನಡೆಯುತ್ತದೆ. ಸಣ್ಣ ವಿಮಾನದ ಬಿಡಿಭಾಗಗಳನ್ನು ಕಿಟ್ ಮಾಡಿ ಮಾರುವ ಕಂಪನಿಗಳೂ ಅಲ್ಲಿ ಮಳಿಗೆ ಹಾಕುತ್ತವೆ. ಕೊಂಡವರು ಅದನ್ನು ಮನೆಯ ಶೆಡ್ಡಿನಲ್ಲಿ ವರ್ಷಗಟ್ಟಲೆ ಜೋಡಿಸುತ್ತಾರೆ. ಹವ್ಯಾಸಿ ವಿಮಾನವೆಂದು ಪರವಾನಗಿ ಬೇಕಾದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳೇ ಮಾಡಿರಬೇಕು. ಆಮೇಲೆ ಅದರಲ್ಲೇ ಕೂತು ಹಾರಬೇಕು!

ಮಳಿಗೆಯ ನೌಕರನ ಮುಂದೆ ಇಬ್ಬರು ಬಂದರು ಎಂದುಕೊಳ್ಳಿ. ಒಬ್ಬ ಇಂದು ಕಿಟ್ ಕೊಳ್ಳಬಹುದಾದವನು. ಇನ್ನೊಬ್ಬ ನಾಲ್ಕು ವರ್ಷದ ಹಿಂದೆಯೇ ಹಣ ಕಟ್ಟಿದವನು, ಕೈಯಲ್ಲಿ ಬಿರುಕು ಬಿಟ್ಟ ತಗಡು. ಮೊದಲು ಯಾರಿಗೆ ಉತ್ತರ?

ಆಯುಧ, ಪ್ರಾಣಿ, ಮಾಂಸ, ಮದ್ಯ, ವಿಷ: ಭಗವಾನರು ಬೇಡವೆಂದ ಐದು ವ್ಯಾಪಾರಗಳಲ್ಲಿ ಇದಿಲ್ಲ. ಅಷ್ಟಕ್ಕೇ ಸಮ್ಯಕ್ ಆಜೀವವಾಯಿತೇ? ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಹಿಡಿಯುವ ಅಳತೆಗೋಲು ಬೇರೆ: ನಮ್ಮ ಸಂಪಾದನೆಯಿಂದ ಇತರರಿಗೆ ಹಾನಿ, ಅನ್ಯಾಯ ಆಗಬಾರದು. ಹೊಸಬ ಬೇಡವೆಂದು ಎದ್ದು ಹೋಗಬಲ್ಲ. ಹಳಬನಿಗೆ ಆ ದಾರಿಯಿಲ್ಲ; ಅವನ ಜೀವ ಆ ತಗಡಿನ ಮೇಲಿದೆ.

ಹಳಬನನ್ನು ಚೆನ್ನಾಗಿ ನೋಡಿಕೊಂಡರೆ ಹೊಸಬನೂ ಕೊಳ್ಳುತ್ತಾನೆ ಎನ್ನುವವರಿದ್ದಾರೆ. ಇರಬಹುದು, ಆದರೆ ಅದು ವ್ಯಾಪಾರದ ಲೆಕ್ಕ, ಶೀಲವಲ್ಲ.

ನೌಕರನೊಬ್ಬನನ್ನೇ ದೂರುವುದೂ ಸರಿಯಲ್ಲ. ಸಂಜೆ ಯಜಮಾನ ‘ಇವತ್ತು ಎಷ್ಟು ಕಿಟ್ ಹೋದವು?’ ಎಂದಷ್ಟೇ ಕೇಳಿದರೆ, ನಾಳೆ ಅವನು ಆ ತಗಡಿನ ಕಡೆ ತಿರುಗಿ ನೋಡುತ್ತಾನೆಯೇ?