ಪ್ರಸಾರ ಯಾವುದು, ಯಾವುದಲ್ಲ

ಬೀದರ್ ಜಿಲ್ಲೆಯ ಔರಾದ ಸೀಮೆಯಲ್ಲಿ ತೊಗರಿ, ಉದ್ದು, ಹೆಸರು ಸಾಲು ಹಿಡಿದು ಬಿತ್ತುವ ಬೆಳೆ. ಮೆಂತ್ಯ, ಕೊತ್ತಂಬರಿಗೆ ಕೂರಿಗೆ ಬೇಡ. ಹದ ಮಾಡಿದ ಮಡಿಯಲ್ಲಿ ಉಡಿಯಿಂದ ಹಿಡಿ ಬೀಜ ತೆಗೆದು ಚೆಲ್ಲುತ್ತ ನಡೆದರಾಯಿತು. ‘ಬ್ರಾಡ್‌ಕಾಸ್ಟ್’ ಮೂಲತಃ ಈ ಚೆಲ್ಲು ಬಿತ್ತನೆಯ ಮಾತು. ರೇಡಿಯೊದವರು ಅದನ್ನು 1920ರ ದಶಕದ ಹೊತ್ತಿಗೆ ರೈತರಿಂದ ಎತ್ತಿಕೊಂಡರು. ನಾವು ಪ್ರಸಾರ ಎಂದೆವು.

ನನ್ನ ಸಿದ್ಧಾಂತ ಇಷ್ಟು: ಯಾರು ಕೇಳಬೇಕೆಂದು ಹೇಳುವವರು ಆರಿಸದೆ, ಎಟುಕುವಷ್ಟು ದೂರ ಎಲ್ಲರಿಗೂ ಬಿಟ್ಟುಕೊಟ್ಟ ಮಾತೇ ಪ್ರಸಾರ. ತಲೆಯೆಣಿಕೆ ಅದರ ಲಕ್ಷಣವಲ್ಲ.

ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಒಂದೇ ಸಲಕ್ಕೆ 256 ಮಂದಿಗೆ ಸುದ್ದಿ ಮುಟ್ಟುತ್ತದೆ, ಅದೂ ಪ್ರಸಾರವಲ್ಲವೇ ಎಂದರೆ, ಅಲ್ಲ. ಹೆಸರುಗಳನ್ನು ಆರಿಸಿದವರು ಕಳಿಸುವವರೇ, ಅದು ಹಂಚಿಕೆ. ಪಂಚಾಯಿತಿ ಓಣಿಯಲ್ಲಿ ಸಾರಿಸುವ ಡಂಗುರ ಮೂವತ್ತೇ ಮನೆಗೆ ಕೇಳಿಸಲಿ, ಅದು ಪ್ರಸಾರ. ರೇಷನ್ ಬಂದ ಸುದ್ದಿ ಆ ದಿನ ಊರಿಗೆ ಬಂದ ಬೀಗರ ಕಿವಿಗೂ ಬೀಳುತ್ತದೆ.

ಭಾಷೆಯೇ ಬೇಲಿಯಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಕನ್ನಡ, ಮರಾಠಿ, ಉರ್ದು, ತೆಲುಗು ಕೂಡಿದ ಈ ಗಡಿಯಲ್ಲಿ ಅದು ಸಹಜವೇ. ಆದರೆ ಅರ್ಥವಾಗದಿರುವುದು ಬೇರೆ, ತಡೆಯುವುದು ಬೇರೆ. ಮೀಡಿಯಂ ವೇವ್ ತರಂಗ ರಾತ್ರಿ ಅಯಾನುಗೋಳಕ್ಕೆ ಬಡಿದು ಮರಳಿ ನೂರಾರು ಕಿಲೋಮೀಟರ್ ದಾಟುತ್ತದೆ. ಮಹಾರಾಷ್ಟ್ರ, ತೆಲಂಗಾಣದ ಗಡಿಕಲ್ಲು ಅದಕ್ಕೆ ಲೆಕ್ಕಕ್ಕಿಲ್ಲ. ಕೇಳಿ ಕೇಳಿಯೇ ನೆರೆಯ ಭಾಷೆ ಕಿವಿಗೆ ಹತ್ತುತ್ತದೆ.

ಗಟ್ಟಿಯಾದ ಆಕ್ಷೇಪ ಮೂರನೆಯದು: ಕೇಳುವವರು ಎಲ್ಲರಾದರೂ ಆಡುವವರು ಕೆಲವರೇ, ಕೇಂದ್ರ ಯಾರ ಕೈಯಲ್ಲೋ ಬೀಜವೂ ಅವರದೇ. ಇದನ್ನು ನಾನು ತಳ್ಳಿಹಾಕಲಾರೆ. ಆದರೆ ಈ ದೋಷ ಒಡೆತನದ್ದು, ಪ್ರಸಾರದ್ದಲ್ಲ. ಒಡೆತನ ಬದಲಾಗಬಲ್ಲದು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಶುರು ಮಾಡಿದರು. ಸರ್ಕಾರಿ ರೇಡಿಯೊ ಆ ಹೆಸರನ್ನು ಆಮೇಲೆ ತೆಗೆದುಕೊಂಡಿತು. ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಬೀದರಿನ ಮಗ್ಗುಲಲ್ಲೇ, ಜಹೀರಾಬಾದ್ ಸೀಮೆಯಲ್ಲಿ, 2008ರಿಂದ ದಲಿತ ಹೆಣ್ಣುಮಕ್ಕಳು ಸಂಘಂ ರೇಡಿಯೊ ನಡೆಸುತ್ತಿದ್ದಾರೆ. ತಮ್ಮ ಸಿರಿಧಾನ್ಯ, ತಮ್ಮ ಬೀಜ, ತಮ್ಮ ಹಾಡು, ತಮ್ಮದೇ ತೆಲುಗು. ಮೈಕಿನ ಮುಂದೆ ಕೂತವಳೂ ಹೊಲದವಳೇ.

ಔರಾದಿನ ಹೆಣ್ಣುಮಕ್ಕಳಿಗೂ ಅಂಥ ಮೈಕು ಸಿಗಬೇಕು. ಉದ್ದಿಗೆ ರೋಗ ಬಿದ್ದಾಗ ಏನು ಮಾಡಿದೆವೆಂದು ಅವರು ಬೀದರಿನ ಕನ್ನಡದಲ್ಲೇ ಹೇಳಲಿ. ಗಡಿಯಾಚೆಯ ದೆಗಲೂರಿನ ರೈತನಿಗೂ ಅದು ಬೇಕಾದ ಸುದ್ದಿ.