ಅನ್ನಪಾನನಿರೋಧವೂ ಅಶ್ವಪಾಲನೆಯೂ

ಅಷ್ಟಮಿ ಚತುರ್ದಶಿಗಳಲ್ಲಿ ಶ್ರಾವಕನು ಆಹಾರವನ್ನು ತ್ಯಜಿಸಿದರೆ ಅದು ಪ್ರೋಷಧೋಪವಾಸವೆನಿಸುತ್ತದೆ. ಅದೇ ದಿನ ಅವನ ಲಾಯದಲ್ಲಿ ಕುದುರೆಯು ಹುಲ್ಲಿಲ್ಲದೆ ನಿಂತಿದ್ದರೆ ಅದನ್ನು ಏನೆಂದು ಕರೆಯಬೇಕು? ಎರಡು ಕಡೆಯೂ ಹೊಟ್ಟೆ ಬರಿದಾಗಿದೆ, ಹೊರನೋಟಕ್ಕೆ ಭೇದವಿಲ್ಲ. ಆದರೆ ಶಾಸ್ತ್ರವು ಮೊದಲನೆಯದನ್ನು ವ್ರತವೆಂದೂ ಎರಡನೆಯದನ್ನು ಅಹಿಂಸಾಣುವ್ರತದ ಅತಿಚಾರವೆಂದೂ ಎಣಿಸಿದೆ. ಈ ಭೇದದ ಮರ್ಮವನ್ನು ಅರಿಯುವುದು ಉಪವಾಸ ಮಾಡುವವರಿಗೆಲ್ಲ ಅವಶ್ಯವಾಗಿದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಉಮಾಸ್ವಾಮಿಗಳು ಹೇಳಿದ್ದಾರೆ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಮುನಿಗಳು ವಾಹನವನ್ನೇ ತ್ಯಜಿಸಿದವರು. ಈ ಐದು ಮಾತುಗಳು ಪ್ರಾಣಿಗಳನ್ನು ಸಾಕಿ ದುಡಿಸುವ ಗೃಹಸ್ಥನಿಗಾಗಿ ಹೇಳಿದವು. ಕುದುರೆಯನ್ನು ಸಾಕಿದ್ದೀಯಾ ಎಂದು ಮಾತ್ರ ಕೇಳಿ ಶಾಸ್ತ್ರವು ಸುಮ್ಮನಾಗುವುದಿಲ್ಲ. ಹೇಗೆ ಸಾಕಿದ್ದೀಯೆ ಎಂದು ಕೇಳುತ್ತದೆ.

ಕುದುರೆಯ ದೇಹಧರ್ಮವನ್ನು ನೋಡಿದರೆ ಅನ್ನಪಾನನಿರೋಧವೆಂಬ ಮಾತಿನ ಗಾಂಭೀರ್ಯವು ತಿಳಿಯುತ್ತದೆ. ಅದರ ಶರೀರವು ದೊಡ್ಡದಾದರೂ ಜಠರವು ಚಿಕ್ಕದು. 8ರಿಂದ 15 ಲೀಟರುಗಳಷ್ಟನ್ನು ಮಾತ್ರ ಹಿಡಿಯಬಲ್ಲದು. ತಿಂದರೂ ತಿನ್ನದಿದ್ದರೂ ಆ ಜಠರದಲ್ಲಿ ಆಮ್ಲವು ಎಡೆಬಿಡದೆ ಸ್ರವಿಸುತ್ತದೆ. ಆ ಆಮ್ಲವನ್ನು ಶಮನಗೊಳಿಸುವ ಜೊಲ್ಲಾದರೋ ಅಗಿಯುವಾಗ ಮಾತ್ರ ಸುರಿಯುತ್ತದೆ. ಆದುದರಿಂದಲೇ ಬಯಲಿನಲ್ಲಿ ಸ್ವತಂತ್ರವಾಗಿರುವ ಕುದುರೆಯು ಹಗಲಿರುಳುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಸ್ವಲ್ಪಸ್ವಲ್ಪವಾಗಿ ಮೇಯುತ್ತಲೇ ಇರುತ್ತದೆ. ಬಹುಹೊತ್ತು ಮೇವಿಲ್ಲದಿದ್ದರೆ ಜಠರದಲ್ಲಿ ಹುಣ್ಣಾಗುತ್ತದೆ. ಮೇವಿನ ಕ್ರಮ ತಪ್ಪಿದರೆ ಪ್ರಾಣಾಪಾಯವನ್ನು ತರುವ ಹೊಟ್ಟೆಶೂಲೆಯೂ ಬರಬಹುದು. ವಾಂತಿ ಮಾಡಿ ಉಪಶಮನ ಪಡೆಯುವ ಶಕ್ತಿಯೂ ಅದಕ್ಕಿಲ್ಲ. ಎರಡು ಹೊತ್ತು ಹುರುಳಿಯನ್ನು ಬೇಯಿಸಿಕೊಟ್ಟು ಉಳಿದ ವೇಳೆಯಲ್ಲಿ ಬರಿದಾದ ಗೋದಲೆಯ ಮುಂದೆ ನಿಲ್ಲಿಸಿದವನು ತಾನು ಚೆನ್ನಾಗಿ ಸಾಕಿದೆನೆಂದು ಭಾವಿಸುತ್ತಾನೆ. ಅವನಲ್ಲಿ ಕ್ರೌರ್ಯವಿಲ್ಲ, ಅಜ್ಞಾನವಿದೆ. ಆದರೆ ಕುದುರೆಯ ವೇದನೆಯು ಅದರಿಂದ ಕಡಮೆಯಾಗುವುದಿಲ್ಲ.

ಉಳಿದ ಅತಿಚಾರಗಳನ್ನೂ ಹೀಗೆಯೇ ಪರಿಶೀಲಿಸಬಹುದು. ಕುದುರೆಯು ಹಿಂಡಿನಲ್ಲಿ ಬಾಳುವ, ನಡೆಯುತ್ತ ಮೇಯುವ ಪ್ರಾಣಿ. ಅದನ್ನು ಇಕ್ಕಟ್ಟಾದ ಲಾಯದಲ್ಲಿ ಏಕಾಕಿಯಾಗಿ ಕಟ್ಟಿದರೆ ನಿಂತಲ್ಲಿಯೇ ಅತ್ತಿತ್ತ ತೂಗಾಡತೊಡಗಬಹುದು, ಮರವನ್ನು ಕಚ್ಚತೊಡಗಬಹುದು. ಇದನ್ನು ದುರಭ್ಯಾಸವೆಂದು ಜನರು ಹಳಿಯುತ್ತಾರೆ; ವಾಸ್ತವವಾಗಿ ಅದು ಬಂಧದ ಫಲ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುತ್ತಲಿನದು ಬಹುಮಟ್ಟಿಗೆ ಕಂಡರೂ ಬೆನ್ನ ಹಿಂದೆ ನೇರವಾಗಿರುವುದು ಕಾಣುವುದಿಲ್ಲ. ಹಿಂದಿನಿಂದ ಫಕ್ಕನೆ ಕೈಯಿಟ್ಟಾಗ ಅದು ಒದೆಯುವುದು ಭಯದಿಂದ. ಮನುಷ್ಯನು ಅದನ್ನು ಮೊಂಡುತನವೆಂದು ತಿಳಿದು ಚಾವಟಿಯನ್ನೆತ್ತುತ್ತಾನೆ, ಭಯವು ಇಮ್ಮಡಿಯಾಗುತ್ತದೆ.

ಹೊಡೆತವಿಲ್ಲದೆ ಕುದುರೆಯು ಕೆಲಸ ಮಾಡೀತೇ ಎಂದು ಕೆಲವರು ಆಕ್ಷೇಪಿಸಬಹುದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಸೇನಾನಿ ಕ್ಸೆನೊಫನನು ಯುದ್ಧಾಶ್ವಗಳ ಶಿಕ್ಷಣವನ್ನು ಕುರಿತು ಬರೆಯುವಾಗಲೂ ಕೋಪದಿಂದ ಕುದುರೆಯ ಬಳಿಗೆ ಹೋಗಕೂಡದೆಂದು ಬೋಧಿಸಿದನು. ಅಹಿಂಸೆಯ ವ್ರತವಿಲ್ಲದ ಯೋಧನೂ ಅನುಭವದಿಂದ ಕಂಡ ಸತ್ಯವಿದು. ಹೇಳಿದಂತೆ ನಡೆದ ಕ್ಷಣದಲ್ಲಿಯೇ ಲಗಾಮನ್ನು ಸಡಿಲಿಸಿದರೆ ಕುದುರೆಯು ಬೇಗ ಕಲಿಯುತ್ತದೆ. ಕತ್ತಿನ ಬುಡದಲ್ಲಿ, ಕುದುರೆಗಳು ಪರಸ್ಪರ ಕೆರೆದುಕೊಳ್ಳುವ ಸ್ಥಾನದಲ್ಲಿ, ಮನುಷ್ಯನು ಕೈಯಿಂದ ಕೆರೆದರೆ ಅದರ ಹೃದಯದ ಬಡಿತವು ಇಳಿಯುತ್ತದೆಂದು 1993ರಲ್ಲಿ ಪ್ರಕಟವಾದ ಒಂದು ಅಧ್ಯಯನವು ತೋರಿಸಿದೆ. ವಿಶ್ವಾಸವು ಬೆಳೆಯುವುದು ಇಂತಹ ಮಾರ್ಗದಿಂದ.

ಭಾರತ ಸರ್ಕಾರದ 1965ರ ನಿಯಮಗಳು ಭಾರ ಎಳೆಯುವ ಹಾಗೂ ಹೊರುವ ಪ್ರಾಣಿಗಳನ್ನು ದಿನಕ್ಕೆ 9 ಗಂಟೆಗಳಿಗಿಂತ ಹೆಚ್ಚಾಗಿ, ವಿಶ್ರಾಂತಿಯಿಲ್ಲದೆ 5 ಗಂಟೆಗಳಿಗಿಂತ ಹೆಚ್ಚಾಗಿ ದುಡಿಸಬಾರದೆಂದು ವಿಧಿಸಿವೆ. ಮುಳ್ಳಿನ ಕಡಿವಾಣವನ್ನು ನಿಷೇಧಿಸಿವೆ. ಇದು ರಾಜಶಾಸನ, ಕಾಣದಿದ್ದರೆ ದಂಡವಿಲ್ಲ. ವ್ರತಕ್ಕಾದರೋ ಆತ್ಮವೇ ಸಾಕ್ಷಿ.

ತಮ್ಮ ಮನೆಯಲ್ಲಿ ಕುದುರೆಯಿಲ್ಲ, ಈ ವಿಚಾರವು ತಮಗೆ ಸಂಬಂಧಿಸದು ಎಂದು ಅನೇಕ ಗೃಹಸ್ಥರು ಹೇಳಬಹುದು. ಆದರೆ ಮದುವೆಗೆ, ಮೆರವಣಿಗೆಗೆ ಬಾಡಿಗೆಯ ಕುದುರೆಯನ್ನು ತರಿಸುವವರು ಯಾರು? ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಿಂದಲೂ ಪಾಪವು ಪ್ರವೇಶಿಸುತ್ತದೆ. ವಾದ್ಯ ಪಟಾಕಿಗಳ ನಡುವೆ, ಬಿಸಿಲಿನಲ್ಲಿ, ನೀರಿಲ್ಲದೆ ಕುದುರೆಯನ್ನು ನಿಲ್ಲಿಸಿದರೆ ನಿಲ್ಲಿಸಿದವನಿಗೂ ತರಿಸಿದವನಿಗೂ ನೋಡಿ ಸಂತೋಷಿಸಿದವನಿಗೂ ಅದರಲ್ಲಿ ಪಾಲುಂಟು. ಬಾಡಿಗೆಯಲ್ಲಿ ಚೌಕಾಸಿ ಮಾಡಿ ಉಳಿಸಿದ ಹಣವು ಬಡ ಕುದುರೆಯವನ ಕೈಯಿಂದ ಹೋಗುವುದಾದರೂ ಕೊನೆಗೆ ಕುದುರೆಯ ಹುಲ್ಲಿನಲ್ಲಿಯೇ ಕಡಮೆಯಾಗುತ್ತದೆ.

ಇನ್ನೊಂದು ಸಂದೇಹವೂ ಉಂಟು. ಪ್ರೋಷಧದ ದಿನ ಆರಂಭತ್ಯಾಗವು ವಿಹಿತವಾಗಿದೆ. ಹಾಗಿರುವಾಗ ಉಪವಾಸಿಯು ಲಾಯದ ಕೆಲಸಕ್ಕೆ ಹೋಗಬಹುದೇ? ಧಾರಣೆಯ ದಿನವೇ ಹುಲ್ಲು ನೀರುಗಳ ಏರ್ಪಾಡನ್ನು ಮಾಡಿ, ನಂಬಿಕೆಯ ಒಬ್ಬನಿಗೆ ಒಪ್ಪಿಸುವುದು ಯೋಗ್ಯ. ಅಂತಹವನು ದೊರೆಯದಿದ್ದರೆ ತಾನೇ ಎದ್ದು ಹೋಗಿ ಹುಲ್ಲು ಹಾಕಿ ಬರಬೇಕು. ತನ್ನನ್ನೇ ಆಶ್ರಯಿಸಿದ ಜೀವವನ್ನು ಹಸಿವಿನಲ್ಲಿಟ್ಟು ಮಾಡಿದ ಸ್ವಾಧ್ಯಾಯದಲ್ಲಿ ಪರಿಣಾಮಶುದ್ಧಿ ಎಲ್ಲಿಂದ ಬರಬೇಕು?

ಉಪವಾಸದ ಸಾರವು ಇಚ್ಛೆಯ ನಿಗ್ರಹ. ನಿಗ್ರಹಿಸಬೇಕಾದುದು ತನ್ನ ಇಚ್ಛೆಯನ್ನು, ಪರಜೀವಿಯ ಹಸಿವನ್ನಲ್ಲ. ಕುದುರೆಯು ಸಂಜ್ಞಿ ಪಂಚೇಂದ್ರಿಯ ತಿರ್ಯಂಚ. ಅಂತಹ ಜೀವವು ಸಮ್ಯಕ್ತ್ವವನ್ನೂ ದೇಶವ್ರತವನ್ನೂ ಪಡೆಯಬಲ್ಲುದೆಂದು ಆಗಮವು ಹೇಳುತ್ತದೆ. ಆದರೆ ಆ ವ್ರತವನ್ನು ಆ ಜೀವವೇ ಸ್ವೀಕರಿಸಬೇಕು, ಒಡೆಯನು ಹೇರಲಾರನು. ಸಂಭವನಾಥ ತೀರ್ಥಂಕರರ ಲಾಂಛನವಾದ ಅಶ್ವಕ್ಕೆ ಬಸದಿಯಲ್ಲಿ ಕೈಮುಗಿಯುವ ಶ್ರಾವಕನು ಹೊರಗೆ ಬಂಡಿಗೆ ಕಟ್ಟಿ ನಿಂತಿರುವ ಅಶ್ವಕ್ಕೆ ನೀರಾಯಿತೇ ಎಂದು ಕೇಳಲಿ. ಮುಂದಿನ ಚತುರ್ದಶಿಯಂದು ಉಪವಾಸದ ಸಂಕಲ್ಪಕ್ಕೆ ಮುನ್ನ ಗೋದಲೆಯು ತುಂಬಿರಲಿ.