ಬದುಕಿದ್ದವಳಿಗೆ ಶ್ರಾದ್ಧ

ಉಸಿರಾಡುತ್ತಿರುವ ಮಗಳಿಗೆ ತಂದೆಯೇ ಉತ್ತರಕ್ರಿಯೆ ಮಾಡಿ, ಗಡಿಗೆ ಒಡೆದರೆ ಅವಳು ಸತ್ತಂತೆಯೇ? ಅಗ್ರಹಾರದ ಲೆಕ್ಕದಲ್ಲಿ ಹೌದು. ಹಾಗಾದರೆ ತಲೆ ಬೋಳಿಸಿಕೊಂಡು ಮರದ ಕೆಳಗೆ ಒಂಟಿಯಾಗಿ ಕೂತವಳು ಯಾರು?

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಈ ಪ್ರಶ್ನೆಯನ್ನು ವಾದಕ್ಕೆ ಇಳಿಸುವುದಿಲ್ಲ. ಕಥೆ ಯು.ಆರ್. ಅನಂತಮೂರ್ತಿಯವರದೇ ಆದರೂ, ಅವರದೇ ಕಾದಂಬರಿಯಿಂದ ಹುಟ್ಟಿದ ‘ಸಂಸ್ಕಾರ’ (1970) ಹಿಡಿದ ದಾರಿ ಬೇರೆ. ಅಲ್ಲಿ ಆಚಾರ ಮುರಿದು ಬದುಕಿದ ಬ್ರಾಹ್ಮಣ ನಾರಣಪ್ಪನ ಹೆಣ ಸುಡದೆ ಬಿದ್ದಿದೆ. ಸಂಸ್ಕಾರಕ್ಕೆ ಅವನು ಅರ್ಹನೇ ಎಂಬ ಚರ್ಚೆ ನಡೆದಿದೆ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕುತ್ತಾರೆ. ಸತ್ತವನಿಗೆ ಅಲ್ಲಿ ಕ್ರಿಯೆಯಿಲ್ಲ, ಇಲ್ಲಿ ಬದುಕಿದ್ದವಳಿಗೆ ಇದೆ.

ಕಾಸರವಳ್ಳಿ ಗ್ರಂಥದ ಬದಲು ಒಬ್ಬ ಹುಡುಗನನ್ನು ನೆಚ್ಚಿದರು. ಮಲೆನಾಡಿನ ವೇದಪಾಠಶಾಲೆಗೆ ಬಂದ ನಾಣಿಗೆ ಮನೆಯ ನೆನಪು, ದೊಡ್ಡ ಹುಡುಗರ ಕಾಟ. ಅವನನ್ನು ಹತ್ತಿರ ಕರೆದು ಸಂತೈಸುವವಳು ಗುರು ಉಡುಪರ ವಿಧವೆ ಮಗಳು ಯಮುನಕ್ಕ. ಅವಳು ಬಸುರಿ ಎಂಬುದು ನೋಡುವ ನಮಗೆ ತಿಳಿಯುತ್ತದೆ, ನಾಣಿಗೆ ಪೂರ್ತಿ ತಿಳಿಯುವುದಿಲ್ಲ. ಆದರೆ ಅವಳ ಮಮತೆಯ ವಿಷಯದಲ್ಲಿ ಇಡೀ ಅಗ್ರಹಾರಕ್ಕಿಂತ ಅವನಿಗೇ ಹೆಚ್ಚು ಗೊತ್ತು. ಚಿತ್ರ ನಿಂತಿರುವುದು ಈ ಎರಡು ಅರಿವುಗಳ ನಡುವಿನ ಅಂತರದಲ್ಲಿ.

ಮಗುವಿನ ಕಣ್ಣಿನಿಂದ ತೋರಿಸಿದರೆ ತಕ್ಕಡಿ ಒಂದು ಕಡೆ ವಾಲದೇ ಎಂದು ಕೇಳಬಹುದು. ವಾಲುತ್ತದೆ, ನಿಜ. ಆದರೆ ಬಹಿಷ್ಕಾರದ ವಿಧಿಯೂ ಒಂದು ಕಥೆಯನ್ನೇ ಹೇಳುತ್ತದೆ. ಅದು ಕಥೆಯನ್ನು ಶುರುಮಾಡುವುದೇ ತಪ್ಪಿನಿಂದ. ಅದಕ್ಕೂ ಹಿಂದಿನ ಯಮುನೆ ಅದಕ್ಕೆ ಬೇಕಿಲ್ಲ. ಚಿತ್ರ ಆ ಕ್ರಮವನ್ನು ತಿರುವಿಹಾಕುತ್ತದೆ. ಮೊದಲು ಯಮುನಕ್ಕ, ಆಮೇಲೆ ಆರೋಪ. ಯಾವುದನ್ನು ಮೊದಲು ತೋರಿಸಬೇಕೆಂಬ ಕಸುಬಿನ ಪ್ರಶ್ನೆ ಇಲ್ಲಿ ಧರ್ಮದ ಪ್ರಶ್ನೆಯೇ ಆಗಿಬಿಟ್ಟಿದೆ.

ಹುತ್ತಕ್ಕೆ ಕೈಯಿಟ್ಟು ಸಾಯಲು ಹೊರಟ ಯಮುನೆಯ ದೃಶ್ಯ ನೋಡಬೇಕು. ಎಸ್. ರಾಮಚಂದ್ರರ ಕಪ್ಪುಬಿಳುಪು ಛಾಯಾಗ್ರಹಣದಲ್ಲಿ ಕತ್ತಲೆಗೆ ತೂಕವಿದೆ. ಅದರ ಎದುರು ಆ ಚಿಕ್ಕ ಹುಡುಗ ತೀರ ಅಸಹಾಯಕ. ಕೊನೆಗೆ ಮಗಳನ್ನು ಹೊರಹಾಕಿದ ಉಡುಪರು ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾರೆ. ನಿರ್ದೇಶಕರು ಅದಕ್ಕೆ ಟಿಪ್ಪಣಿ ಸೇರಿಸಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟಿದ್ದಾರೆ, ಅಷ್ಟೆ. ಮುದುಕನ ಆಸೆಗೆ ಮಂತ್ರವಿದೆ, ಮಗಳ ಆಸೆಗೆ ಗಡಿಗೆ ಒಡೆಯುವ ಶಿಕ್ಷೆ. ಈ ಅನ್ಯಾಯವನ್ನು ಇದಕ್ಕಿಂತ ನೇರವಾಗಿ ಹೇಳಿದ ಕನ್ನಡ ಚಿತ್ರ ಮತ್ತೊಂದಿಲ್ಲ.

ಎರಡೂ ಚಿತ್ರಗಳು ತಮ್ಮ ತಮ್ಮ ವರ್ಷದಲ್ಲಿ ದೇಶದ ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆದವು. ಜೀರ್ಣೋದ್ಧಾರಗೊಂಡ ‘ಘಟಶ್ರಾದ್ಧ’ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಅವಕಾಶ ಸಿಕ್ಕಾಗ ‘ಸಂಸ್ಕಾರ’ವನ್ನು ಮೊದಲು ನೋಡಿ, ಅದರ ಬೆನ್ನಿಗೇ ಇದನ್ನು ನೋಡಿ.